ಗರ್ಭನೀರು ಯಾರ ಕೈಲಿದೆ? ಬಸುರಿಯರೂ ಮನೆಯವರೂ ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ತಪಾಸಣೆಗೆ ಬರುವವರು ಡಾಕ್ಟರ ಎದುರು ತಲೆಯಾಡಿಸಿ ಹೊರಗೆ ಬರುತ್ತಾರೆ. ಆಮೇಲೆ ಕಾರಿಡಾರಿನಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿ ಕೇಳುತ್ತಾರೆ: "ಸಿಸ್ಟರ್, ನೀರು ಕಮ್ಮಿ ಅಂದ್ರಲ್ಲ, ಏನದು?" ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ಇಷ್ಟು ವರ್ಷದಲ್ಲಿ ಈ ನೀರಿನ ಪ್ರಶ್ನೆಗೆ ಉತ್ತರ ಹೇಳಿದಷ್ಟು ಬೇರೆ ಯಾವುದಕ್ಕೂ ಹೇಳಿಲ್ಲ. ಹೇಳಿ ಹೇಳಿ ಬಾಯಿಪಾಠವಾದದ್ದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮನ್ನು ನೋಡುತ್ತಿರುವ ಡಾಕ್ಟರ ಮಾತಿಗೆ ಇದು ಬದಲಿಯಲ್ಲ. ಅವರ ಮಾತು ನಿಮಗೆ ಅರ್ಥವಾಗಲಿ ಎಂಬುದಷ್ಟೇ ಉದ್ದೇಶ.

ರಿಪೋರ್ಟಲ್ಲಿ "ಲಿಕ್ಕರ್ ಅಡಿಕ್ವೇಟ್" ಅಂತ ಬರೆದಿದಾರೆ. ಏನಿದು?

ಒಬ್ಬರು ಗಂಡ ಇದನ್ನು ಓದಿ, "ಸಿಸ್ಟರ್, ನಾನಾದ್ರೆ ಹೌದು, ಇವಳು ಮುಟ್ಟೋದೂ ಇಲ್ಲ" ಅಂದಿದ್ದರು. ಅದು ಆ ಲಿಕ್ಕರ್ ಅಲ್ಲ. ಮಗುವನ್ನು ಸುತ್ತಿಕೊಂಡಿರುವ ನೀರಿಗೆ ವೈದ್ಯರ ಹಳೆಯ ಹೆಸರು ಅದು. ಆಮ್ನಿಯೋಟಿಕ್ ದ್ರವ ಅಂದರೂ ಅದೇ, ಗರ್ಭನೀರು ಅಂದರೂ ಅದೇ. "ಅಡಿಕ್ವೇಟ್" ಅಂದರೆ ಸಾಕಷ್ಟಿದೆ. ಸಮಾಧಾನವಾಗಿ ಮನೆಗೆ ಹೋಗಿ.

ಹೊಟ್ಟೆಯೊಳಗೆ ಆ ನೀರು ಬರೋದು ಎಲ್ಲಿಂದ? ನಾನು ಕುಡಿದಿದ್ದೇ ಅಲ್ಲಿ ನಿಲ್ಲುತ್ತಾ?

ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲೇ. ಹೊಟ್ಟೆಗೆ ಹೋದ ನೀರು ಗರ್ಭಕ್ಕೆ ಸುರಿಯುವ ಕೊಳವೆ ಯಾವುದೂ ಇಲ್ಲ.

ಮೊದಲ ಮೂರು ತಿಂಗಳಲ್ಲಿ ನೀರು ಬಹುಪಾಲು ತಾಯಿಯ ರಕ್ತದ ದ್ರವದಿಂದಲೇ ಪೊರೆಗಳ ಮೂಲಕ ಜಿನುಗಿ ಬರುತ್ತದೆ. ಆಗ ಮಗುವಿನ ಚರ್ಮವೂ ತೀರಾ ತೆಳು, ಅದರ ಮೂಲಕವೂ ನೀರು ಆಚೀಚೆ ಓಡಾಡುತ್ತದೆ. ಸುಮಾರು 22ರಿಂದ 25ನೇ ವಾರದ ಹೊತ್ತಿಗೆ ಚರ್ಮ ಗಟ್ಟಿಯಾಗಿ ಆ ದಾರಿ ಮುಚ್ಚುತ್ತದೆ. ಅಷ್ಟರಲ್ಲಿ ಮಗುವಿನ ಕಿಡ್ನಿಗಳು ಕೆಲಸ ಹಿಡಿದಿರುತ್ತವೆ. ಅರ್ಧ ಬಸಿರು ಕಳೆದ ಮೇಲೆ ಗರ್ಭನೀರೆಂದರೆ ಮುಖ್ಯವಾಗಿ ಮಗುವಿನ ಮೂತ್ರ. ದಿನ ತುಂಬುವ ಹೊತ್ತಿಗೆ ಮಗು ದಿನಕ್ಕೆ 800 ಮಿಲಿಲೀಟರಿನಿಂದ ಒಂದು ಲೀಟರ್‌ಗೂ ಮೇಲೆ ಮೂತ್ರ ಮಾಡುತ್ತದೆ. ಇದರ ಜೊತೆಗೆ ಶ್ವಾಸಕೋಶಗಳೂ ದ್ರವ ಸುರಿಸುತ್ತವೆ. ಅದರಲ್ಲಿ ಅರ್ಧದಷ್ಟನ್ನು ಗಂಟಲಿಗೆ ಬಂದಲ್ಲೇ ಮಗು ನುಂಗುತ್ತದೆ, ಉಳಿದದ್ದು, ದಿನಕ್ಕೆ ಸುಮಾರು 170 ಮಿಲಿಲೀಟರ್, ಗರ್ಭನೀರಿನ ಚೀಲ ಸೇರುತ್ತದೆ.

ಸ್ಕ್ಯಾನಿಂಗ್‌ನಲ್ಲಿ ಮಗುವಿನ ಮೂತ್ರಕೋಶ ಕರೀ ಗುಳ್ಳೆಯ ಹಾಗೆ ಕಾಣುತ್ತದೆ. ಡಾಕ್ಟರು ಅದನ್ನೂ ಹುಡುಕಿ ನೋಡುವುದು ಇದಕ್ಕೇ. ಅದು ತುಂಬುತ್ತಾ ಖಾಲಿಯಾಗುತ್ತಾ ಇದ್ದರೆ ಕಿಡ್ನಿ ಕೆಲಸ ಮಾಡುತ್ತಿದೆ ಎಂದರ್ಥ.

ಅಯ್ಯೋ, ಹಂಗಾದ್ರೆ ಮಗು ತನ್ನ ಉಚ್ಚೆಯಲ್ಲೇ ಇದ್ದು ಅದನ್ನೇ ಕುಡಿಯುತ್ತಾ?

ಹೌದು. ಆದರೆ ಮುಖ ಸಿಂಡರಿಸಬೇಡಿ. ನಮ್ಮ ಮೂತ್ರದಲ್ಲಿ ಇರುವ ಕಸ ಅದರಲ್ಲಿ ತೀರಾ ಕಡಿಮೆ. ಮಗುವಿನ ರಕ್ತದ ಕಸವನ್ನು ಮಾಸು (ಪ್ಲಾಸೆಂಟಾ) ತೆಗೆದು ತಾಯಿಯ ರಕ್ತಕ್ಕೆ ದಾಟಿಸುತ್ತದೆ, ತಾಯಿಯ ಕಿಡ್ನಿ ಅದನ್ನು ಹೊರಹಾಕುತ್ತದೆ. ಹಾಗಾಗಿ ಮಗುವಿನ ಮೂತ್ರ ಬಹಳ ತೆಳು, ಗರ್ಭನೀರಿನಲ್ಲಿ ಶೇಕಡಾ 98ಕ್ಕೂ ಹೆಚ್ಚು ಬರೀ ನೀರು. ಆ ನೀರನ್ನು ನುಂಗುತ್ತಲೇ ಮಗುವಿನ ಕರುಳು ಬಲಿಯುತ್ತದೆ, ಎದೆಗೆ ಎಳೆದು ಬಿಡುತ್ತಲೇ ಶ್ವಾಸಕೋಶ ಬೆಳೆಯುತ್ತದೆ. ಕೈಕಾಲು ಆಡಿಸಲು ಜಾಗ ಸಿಗುವುದೂ ಹೊಕ್ಕುಳಬಳ್ಳಿ ಒತ್ತಿಹೋಗದೆ ಇರುವುದೂ ಆ ನೀರಿನಿಂದಲೇ.

ದಿನಾ ಒಂದು ಲೀಟರ್ ಬಂದ್ರೆ ಚೀಲ ತುಂಬಿ ಒಡೆದು ಹೋಗಲ್ವಾ?

ಮಳೆಗಾಲದಲ್ಲಿ ನಮ್ಮ ಪತ್ರಿಕೆಗಳಲ್ಲಿ ದಿನಾ ಒಂದು ಚೌಕ ಬರುತ್ತದಲ್ಲ: ಲಿಂಗನಮಕ್ಕಿ, ಭದ್ರಾ, ತುಂಗಾ. ಇವತ್ತಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು ಕ್ಯೂಸೆಕ್. ಗರ್ಭನೀರಿನ ಲೆಕ್ಕವೂ ಹಾಗೇ.

ಒಳಹರಿವು ಮೇಲೆ ಹೇಳಿದ್ದು. ಹೊರಹರಿವಿಗೆ ದೊಡ್ಡ ಗೇಟುಗಳು ಎರಡು. ಒಂದು, ಮಗು ನುಂಗುವುದು: ಕೊನೆಯ ವಾರಗಳಲ್ಲಿ ದಿನಕ್ಕೆ 500 ಮಿಲಿಲೀಟರಿನಿಂದ ಒಂದು ಲೀಟರ್ ತನಕ. ಇನ್ನೊಂದು ಹೆಚ್ಚಿನವರಿಗೆ ಗೊತ್ತಿಲ್ಲ. ಮಾಸಿನ ಮಗುವಿನ ಕಡೆಯ ಮುಖಕ್ಕೆ ಒಂದು ತೆಳು ಪೊರೆ ಹೊದ್ದಿರುತ್ತದೆ, ಅದರ ಅಡಿಯಲ್ಲೇ ಮಗುವಿನ ರಕ್ತನಾಳಗಳು ಹರಡಿಕೊಂಡಿರುತ್ತವೆ. ಗರ್ಭನೀರು ಆ ಪೊರೆಯನ್ನು ದಾಟಿ ನೇರ ಮಗುವಿನ ರಕ್ತಕ್ಕೆ ಹೀರಿಹೋಗುತ್ತದೆ. ದಿನಕ್ಕೆ 200ರಿಂದ 400 ಮಿಲಿಲೀಟರ್ ಹೋಗುವುದು ಈ ಕಣ್ಣಿಗೆ ಕಾಣದ ದಾರಿಯಲ್ಲಿ. ಗರ್ಭಕೋಶದ ಗೋಡೆ ದಾಟಿ ತಾಯಿಯ ಕಡೆ ಹೋಗುವುದು ದಿನಕ್ಕೆ ಹತ್ತು ಮಿಲಿಲೀಟರ್ ಆಸುಪಾಸು, ಲೆಕ್ಕಕ್ಕಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ಚೀಲದಲ್ಲಿ ನಿಂತಿರುವ ಒಟ್ಟು ನೀರೇ ಮುಕ್ಕಾಲು ಲೀಟರ್ ಹತ್ತಿರ, ದಿನಕ್ಕೆ ಬಂದು ಹೋಗುವುದೂ ಸುಮಾರು ಅಷ್ಟೇ. ಅಂದರೆ ಇದು ವರ್ಷವಿಡೀ ನೀರು ಕೂಡಿಟ್ಟುಕೊಳ್ಳುವ ಲಿಂಗನಮಕ್ಕಿ ಅಲ್ಲ, ಗಾಜನೂರಿನ ತುಂಗಾ ಡ್ಯಾಮು. ಸಣ್ಣದು, ಒಳಗೆ ಬಂದಷ್ಟೂ ಹೊರಗೆ ಹೋಗುತ್ತಲೇ ಇರಬೇಕು. ಯಾವುದೇ ಒಂದು ಕಡೆ ಸ್ವಲ್ಪ ವ್ಯತ್ಯಾಸವಾದರೂ ಕೆಲವೇ ದಿನಗಳಲ್ಲಿ ಮಟ್ಟ ಏರುಪೇರಾಗುತ್ತದೆ. ಹಾಗಿದ್ದೂ ಬಹುಪಾಲು ಬಸುರಿಯರಲ್ಲಿ ವಾರಗಟ್ಟಲೆ ಮಟ್ಟ ಹದದಲ್ಲೇ ಇರುತ್ತದೆ. ನನಗೆ ಇಂದಿಗೂ ಆಶ್ಚರ್ಯ ತರುವುದು ಅದೇ.

ಗೇಟು ತೆಗೆದು ಹಾಕೋರು ಯಾರು ಮತ್ತೆ?

ಕಚೇರಿಯಲ್ಲಿ ಕೂತು ಆದೇಶ ಕೊಡುವ ಇಂಜಿನಿಯರ್ ಒಬ್ಬನಿಲ್ಲ. ಮಗುವಿನ ಕಿಡ್ನಿ ನೋಡಿಕೊಳ್ಳುವುದು ಮಗುವಿನ ರಕ್ತದ ಹದವನ್ನು, ಚೀಲದ ಮಟ್ಟವನ್ನಲ್ಲ. ನುಂಗುವುದೂ ಮಗುವಿನ ಎಚ್ಚರ, ನಿದ್ದೆ, ಬೆಳವಣಿಗೆಯ ಪ್ರಕಾರ ನಡೆಯುತ್ತದೆ. ಮಟ್ಟಕ್ಕೆ ತಕ್ಕಂತೆ ಹೆಚ್ಚುಕಡಿಮೆ ಆಗುವುದು ಮುಖ್ಯವಾಗಿ ಆ ಎರಡನೆಯ ಗೇಟು, ಪೊರೆಯ ಹೀರುವಿಕೆ, ಎಂದು ವಿಜ್ಞಾನಿಗಳು ಈಗ ಹೇಳುತ್ತಾರೆ. ಇದು ಗೊತ್ತಾದದ್ದು ಹೆಚ್ಚಾಗಿ ಗಬ್ಬದ ಕುರಿಗಳ ಮೇಲಿನ ಪ್ರಯೋಗಗಳಿಂದ. ಮರಿಯ ಅನ್ನನಾಳ ಕಟ್ಟಿ ನುಂಗುವುದನ್ನೇ ನಿಲ್ಲಿಸಿದರೂ ನೀರು ಏರುತ್ತಲೇ ಹೋಗಲಿಲ್ಲ, ಪೊರೆಯೇ ಹೆಚ್ಚು ಹೀರಿಕೊಂಡಿತು. ಪೊರೆಯ ಜೀವಕೋಶಗಳಲ್ಲಿ ಅಕ್ವಾಪೊರಿನ್ ಎಂಬ, ನೀರಿಗೆಂದೇ ಇರುವ ಸಣ್ಣ ಸಣ್ಣ ಕಿಂಡಿಗಳೂ ಇವೆ.

ಒಟ್ಟು ಎಷ್ಟು ನೀರು ಇರಬೇಕು?

10ನೇ ವಾರದಲ್ಲಿ ಒಂದೆರಡು ಚಮಚ, 16ನೇ ವಾರಕ್ಕೆ ಸುಮಾರು 200 ಮಿಲಿಲೀಟರ್, 34ನೇ ವಾರದ ಆಸುಪಾಸಿನಲ್ಲಿ 800ರಿಂದ 1000. ಅಲ್ಲಿಂದ ಮೆಲ್ಲಗೆ ಇಳಿಯುತ್ತದೆ, ದಿನ ಮೀರಿದರೆ ಇನ್ನೂ ಬೇಗ ಇಳಿಯುತ್ತದೆ. 1989ರಲ್ಲಿ ಬ್ರೇಸ್ ಮತ್ತು ವುಲ್ಫ್ ಎಂಬಿಬ್ಬರು ಅದುವರೆಗಿನ ನೇರ ಅಳತೆಗಳನ್ನೆಲ್ಲ ಕೂಡಿಸಿ ನೋಡಿದರು. 22ರಿಂದ 39 ವಾರದ ತನಕ ಸರಾಸರಿ 777 ಮಿಲಿಲೀಟರ್ ಬಂತು. ಆದರೆ ಆರೋಗ್ಯವಂತರಲ್ಲೇ ಒಬ್ಬರಿಗೆ 300ರ ಹತ್ತಿರ, ಇನ್ನೊಬ್ಬರಿಗೆ ಎರಡು ಲೀಟರ್ ಹತ್ತಿರ. ಪಕ್ಕದ ಮನೆಯವಳ ಅಂಕಿಗೆ ನಿಮ್ಮದನ್ನು ಹೋಲಿಸಬೇಡಿ ಅನ್ನುವುದು ಇದಕ್ಕೇ.

ಹೋದ ಸಲ ಎಎಫ್‌ಐ 13 ಇತ್ತು, ಈ ಸಲ 9. ನಾಲ್ಕು ಕಮ್ಮಿ ಆಯ್ತಲ್ಲ ಸಿಸ್ಟರ್?

ಎಎಫ್‌ಐ ಅಂದರೆ ಸ್ಕ್ಯಾನಿಂಗ್‌ನಲ್ಲಿ ಗರ್ಭನೀರಿಗೆ ಹಾಕುವ ಒಂದು ಅಳತೆ. ಮೊದಲಿಗೆ, ಅದು ಲೀಟರೂ ಅಲ್ಲ, ಶೇಕಡಾವೂ ಅಲ್ಲ. ಸೆಂಟಿಮೀಟರ್. ಹೊಕ್ಕುಳನ್ನು ನಡುವೆ ಇಟ್ಟುಕೊಂಡು ಹೊಟ್ಟೆಯನ್ನು ನಾಲ್ಕು ಭಾಗ ಮಾಡಿ, ಒಂದೊಂದರಲ್ಲೂ ಬಳ್ಳಿ, ಕೈಕಾಲು ಅಡ್ಡ ಬರದ ಅತಿ ಆಳದ ನೀರಿನ ಜಾಗವನ್ನು ಅಳೆದು ನಾಲ್ಕನ್ನೂ ಕೂಡಿಸುತ್ತಾರೆ. 1987ರಲ್ಲಿ ಶುರುವಾದ ಪದ್ಧತಿ ಇದು. 5 ಅಥವಾ ಅದಕ್ಕಿಂತ ಕಡಿಮೆ ಬಂದರೆ ನೀರು ಕಮ್ಮಿ, 24-25 ದಾಟಿದರೆ ಹೆಚ್ಚು. ಒಂದೇ ಒಂದು ಆಳದ ಜಾಗ ಅಳೆಯುವ ಪದ್ಧತಿಯೂ ಇದೆ, ಅದರಲ್ಲಿ 2ರಿಂದ 8 ಸೆಂಟಿಮೀಟರ್ ಸರಿ. ರಿಪೋರ್ಟಿನಲ್ಲಿ ಬರೀ "3.5" ಅಂತ ಕಂಡು ಅತ್ತವರನ್ನು ನೋಡಿದ್ದೇನೆ. ಅದು ಎರಡನೆಯ ಪದ್ಧತಿಯ ಅಂಕಿ, ಪೂರ್ತಿ ಸರಿಯಾಗಿತ್ತು. ಯಾವ ಅಳತೆ ಅಂತ ಮೊದಲು ಕೇಳಿ.

ನಿಮ್ಮ 9 ಹದದೊಳಗೇ ಇದೆ. ಮಗು ಆ ಕ್ಷಣ ಹೇಗೆ ಮಲಗಿತ್ತು, ಅಳೆದವರು ಯಾರು, ಪ್ರೋಬನ್ನು ಎಷ್ಟು ಒತ್ತಿದರು ಎಂಬುದರ ಮೇಲೇ ಒಂದೆರಡು ಸೆಂಟಿಮೀಟರ್ ಆಚೀಚೆ ಆಗುತ್ತದೆ. ನಾಲ್ಕು ಜಾಗ ಕೂಡಿಸುವ ಎಎಫ್‌ಐಯಿಂದ "ಕಮ್ಮಿ" ಎಂಬ ಹಣೆಪಟ್ಟಿ ಹೆಚ್ಚು ಜನಕ್ಕೆ ಬೀಳುತ್ತದೆ, ಹೆರಿಗೆ ಬರಿಸುವುದೂ ಹೆಚ್ಚಾಗುತ್ತದೆ, ಮಗುವಿಗೆ ಅದರಿಂದ ಹೆಚ್ಚಿನ ಲಾಭವಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಅದಕ್ಕೇ ಈಗ ಹಲವು ಡಾಕ್ಟರುಗಳು ಒಂದು ಜಾಗದ ಅಳತೆಯನ್ನೇ ಮೆಚ್ಚುತ್ತಾರೆ.

ಒಂದು ಮಾತು ಮಾತ್ರ ನೆನಪಿರಲಿ: ಎಎಫ್‌ಐ ಡ್ಯಾಮಿನ ಮಟ್ಟದ ಪಟ್ಟಿ ಇದ್ದ ಹಾಗೆ. ಮಟ್ಟ ಇಳಿದಿದೆ ಅಂತ ಹೇಳುತ್ತದೆ. ಒಳಹರಿವು ನಿಂತಿತೋ, ಗೋಡೆ ಸೋರಿತೋ ಅಂತ ಹೇಳುವುದಿಲ್ಲ.

ನಾನು ನೀರು ಸರಿಯಾಗಿ ಕುಡಿಯದಿದ್ದಕ್ಕೇ ಹೀಗಾಯ್ತು ಅಂತ ಅತ್ತೆ ಬೈತಾರೆ. ಹೌದಾ?

ಅತ್ತೆಯವರಿಗೆ ಇದನ್ನು ಓದಿ ಹೇಳಿ. ತಾಯಿ ಬಳಲಿ ಒಣಗಿದ್ದರೆ ಅವಳ ರಕ್ತ ಗಟ್ಟಿಯಾಗುತ್ತದೆ, ಮಾಸಿನ ಮೂಲಕ ಮಗುವಿಗೆ ದಾಟುವ ನೀರು ಕಡಿಮೆಯಾಗುತ್ತದೆ, ಮಗು ಮೂತ್ರ ಕಡಿಮೆ ಮಾಡುತ್ತದೆ. ಇದು ನಿಜ. ಏಪ್ರಿಲ್ ಬಿಸಿಲಿನಲ್ಲಿ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಬರುವವರು ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲ ಅಂತ ಬೆಳಗ್ಗೆಯಿಂದ ಗುಟುಕು ನೀರೂ ಕುಡಿಯದೆ ಬರುತ್ತಾರೆ, ಸ್ಕ್ಯಾನಿಂಗ್‌ನಲ್ಲಿ ಅಂಕಿ ಕಮ್ಮಿ ಬಂದರೆ ಹೆದರುತ್ತಾರೆ. ಅಂಥವರಿಗೆ ಎರಡು ಲೀಟರಿನಷ್ಟು ನೀರು ಕುಡಿಸಿ ಕೆಲವು ಗಂಟೆ ಬಿಟ್ಟು ಅಳೆದರೆ ಎಎಫ್‌ಐ ಏರುವುದು ಅಧ್ಯಯನಗಳಲ್ಲೂ ಕಂಡಿದೆ.

ಆದರೆ ಒಳಗೆ ಮಾಸೇ ಸೊರಗಿದ್ದರೆ, ಚೀಲ ಸೋರುತ್ತಿದ್ದರೆ, ಮಗುವಿನ ಕಿಡ್ನಿಯಲ್ಲೇ ತೊಂದರೆ ಇದ್ದರೆ ಬಾವಿ ಪೂರ್ತಿ ಕುಡಿದರೂ ಸರಿಹೋಗುವುದಿಲ್ಲ. ಅದು ಸೊಸೆಯ ತಪ್ಪೂ ಅಲ್ಲ. ಬಿಪಿ ಏರಿದವರು, ಹೃದಯ ಅಥವಾ ಕಿಡ್ನಿ ಕಾಯಿಲೆ ಇರುವವರು ಡಾಕ್ಟರನ್ನು ಕೇಳದೆ ಲೀಟರುಗಟ್ಟಲೆ ಕುಡಿಯುವುದೂ ಬೇಡ.

ಎಳನೀರು ಕುಡಿದ್ರೆ ಬೇಗ ಏರುತ್ತಂತೆ?

ತೋಟದಲ್ಲಿದ್ದರೆ ಧಾರಾಳವಾಗಿ ಕುಡಿಯಿರಿ, ಅದೂ ನೀರೇ. ಸಕ್ಕರೆ ಕಾಯಿಲೆ ಇದ್ದವರಿಗೆ ಮಿತಿ ಇರಲಿ. ಆದರೆ ರಕ್ತವನ್ನು ಸ್ವಲ್ಪ ತೆಳುಮಾಡಿ ಮಾಸಿನಾಚೆ ನೀರು ದಾಟಿಸುವ ಕೆಲಸಕ್ಕೆ ಉಪ್ಪು ಸಕ್ಕರೆ ಯಾವುದೂ ಇಲ್ಲದ ಸಾದಾ ನೀರೇ ಚೆನ್ನ. ಅಂಗಡಿಯಲ್ಲಿ ದುಡ್ಡು ಕೊಟ್ಟು ದಿನಕ್ಕೆ ಮೂರು ಎಳನೀರು ಕೊಳ್ಳುವ ಬದಲು ಮನೆಯ ನೀರು, ತೆಳು ಮಜ್ಜಿಗೆ, ಗಂಜಿ ತಿಳಿ ಸಾಕು.

ಹಾಗಾದ್ರೆ ಕಮ್ಮಿ ಆಗೋಕೆ ನಿಜವಾದ ಕಾರಣ ಏನು?

ಡಾಕ್ಟರು ಮೊದಲು ಕೇಳುವುದು: ಸೋರುತ್ತಿದೆಯಾ? ಸೋರಿಕೆ ಇಲ್ಲ ಅಂತಾದರೆ ಮಗುವಿನ ಬೆಳವಣಿಗೆ, ರಕ್ತದ ಹರಿವು ನೋಡುತ್ತಾರೆ. ಡಾಪ್ಲರ್ ಅಂತ ಬರೆಯುವುದು ಅದನ್ನೇ.

ಮಾಸಿನಿಂದ ರಕ್ತ ಸಾಲದೆ ಬಂದಾಗ ಮಗು ಏನು ಮಾಡುತ್ತದೆ ಎಂಬುದು ಮಲೆನಾಡಿನವರಿಗೆ ಬೇಗ ಅರ್ಥವಾಗುತ್ತದೆ. ಬೇಸಿಗೆಯಲ್ಲಿ ಗುಡ್ಡದಿಂದ ಹರಿದು ಬರುವ ಅಬ್ಬಿ ನೀರು ಸಣ್ಣಗಾದಾಗ ನಾವು ಮೊದಲು ಅಡುಗೆಮನೆಗೆ, ಆಮೇಲೆ ಕೊಟ್ಟಿಗೆಗೆ ಬಿಡುತ್ತೇವೆ, ತೋಟದ ಪೈಪು ಕಟ್ಟಿಬಿಡುತ್ತೇವೆ. ಮಗುವೂ ಅಷ್ಟೇ. ಇರುವ ರಕ್ತವನ್ನು ಮೆದುಳಿಗೆ, ಹೃದಯಕ್ಕೆ ತಿರುಗಿಸಿ ಕಿಡ್ನಿಗೆ ಹೋಗುವುದನ್ನು ಕಡಿಮೆ ಮಾಡುತ್ತದೆ. ಮೂತ್ರ ಇಳಿಯುತ್ತದೆ, ಗರ್ಭನೀರೂ ಇಳಿಯುತ್ತದೆ. ಅಂದರೆ ಅಲ್ಲಿ ನೀರು ಕಮ್ಮಿಯಾದದ್ದು ರೋಗವಲ್ಲ, ಮಗು ಕಷ್ಟದಲ್ಲಿದೆ ಎಂಬ ಸುದ್ದಿ. ತಾಯಿಗೆ ಬಿಪಿ ಇದ್ದಾಗ, ಮಗು ದಿನಕ್ಕೆ ತಕ್ಕಷ್ಟು ಬೆಳೆಯದಿದ್ದಾಗ, ದಿನ ಮೀರಿದಾಗ ಇದನ್ನು ಹೆಚ್ಚು ನೋಡುತ್ತೇವೆ.

ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲೇ ನೀರು ತೀರಾ ಕಮ್ಮಿ ಕಂಡರೆ ಚಿಂತೆ ಬೇರೆ: ಮಗುವಿಗೆ ಎರಡೂ ಕಿಡ್ನಿ ಇಲ್ಲದಿರುವುದು, ಗಂಡುಮಗುವಿನ ಮೂತ್ರನಾಳದಲ್ಲಿ ತಡೆ ಇರುವುದು ಇಂಥವು. ಅಷ್ಟು ಬೇಗ ನೀರು ಇಲ್ಲದಾದರೆ ಶ್ವಾಸಕೋಶ ಬೆಳೆಯುವುದಿಲ್ಲ. ಐದನೇ ತಿಂಗಳ ಸ್ಕ್ಯಾನಿಂಗ್ ತಪ್ಪಿಸಬೇಡಿ ಎಂದು ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಹೇಳುವುದು ಸುಮ್ಮನೆ ಅಲ್ಲ.

ಮಾತ್ರೆಯಿಂದಲೂ ನೀರು ಕಮ್ಮಿ ಆಗುತ್ತಾ?

ಆಗುತ್ತದೆ, ಈ ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಸೊಂಟನೋವಿಗೆ ಪೇಟೆಯ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಥರದ ಮಾತ್ರೆಗಳು ಮಗುವಿನ ಕಿಡ್ನಿಯ ರಕ್ತದ ಹರಿವನ್ನು ತಗ್ಗಿಸಿ ಮೂತ್ರ ಇಳಿಸುತ್ತವೆ. 20 ವಾರ ಕಳೆದ ಮೇಲೆ ಇವು ಬೇಡ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಎಚ್ಚರಿಸಿತು. ನಿಲ್ಲಿಸಿದರೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ನೀರು ಮರಳುತ್ತದೆ. ಮೊದಲೇ ಬಿಪಿ ಇದ್ದವರು ಎನಲಾಪ್ರಿಲ್, ರಾಮಿಪ್ರಿಲ್, ಟೆಲ್ಮಿಸಾರ್ಟನ್ ತೆಗೆದುಕೊಳ್ಳುತ್ತಿದ್ದರೆ ಬಸಿರು ಅಂತ ಗೊತ್ತಾದ ಕೂಡಲೇ ಡಾಕ್ಟರಿಗೆ ಹೇಳಿ, ಬೇರೆ ಮಾತ್ರೆಗೆ ಬದಲಿಸುತ್ತಾರೆ. ಡಾಕ್ಟರೇ ಬರೆದುಕೊಟ್ಟ ಸಣ್ಣ ಡೋಸಿನ ಆಸ್ಪಿರಿನ್ ಬೇರೆ ಲೆಕ್ಕ, ಹೆದರಿ ಅದನ್ನು ನೀವೇ ಬಿಡಬೇಡಿ.

ನನಗೆ ಉಲ್ಟಾ, ನೀರು ಜಾಸ್ತಿ ಅಂದ್ರು. ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ?

ಅಲ್ಲ. ಕಾರಣ ಮತ್ತೆ ಎರಡು ಕಡೆ ಹುಡುಕಬೇಕು. ಒಳಹರಿವು ಏರಿದೆಯಾ: ತಾಯಿಯ ಸಕ್ಕರೆ ಏರಿದ್ದರೆ ಅದು ಮಾಸು ದಾಟಿ ಮಗುವಿನ ರಕ್ತದಲ್ಲೂ ಏರುತ್ತದೆ, ಸಕ್ಕರೆ ಕಾಯಿಲೆಯವರ ಹಾಗೇ ಮಗುವೂ ಹೆಚ್ಚು ಮೂತ್ರ ಮಾಡುತ್ತದೆ. ಗೇಟು ಮುಚ್ಚಿದೆಯಾ: ಮಗುವಿನ ಅನ್ನನಾಳ ಅಥವಾ ಸಣ್ಣಕರುಳಿನ ಮೊದಲ ಭಾಗ ಮುಚ್ಚಿಕೊಂಡಿದ್ದರೆ, ಮೆದುಳಿನ ತೊಂದರೆಯಿಂದ ನುಂಗಲು ಬಾರದಿದ್ದರೆ ನೀರು ನಿಲ್ಲುತ್ತದೆ. ಸ್ವಲ್ಪ ಮಾತ್ರ ಹೆಚ್ಚಿರುವ ಬಹಳಷ್ಟು ಜನರಲ್ಲಿ ಏನೂ ಕಾರಣ ಸಿಗುವುದಿಲ್ಲ, ಮಗು ಚೆನ್ನಾಗಿಯೇ ಹುಟ್ಟುತ್ತದೆ. ತುಂಬಾ ಹೆಚ್ಚಿದ್ದರೆ ದಿನಕ್ಕೆ ಮೊದಲೇ ನೋವು, ಮಗು ಅಡ್ಡ ತಿರುಗುವುದು, ಹೆರಿಗೆಯ ನಂತರ ರಕ್ತಸ್ರಾವ ಇವುಗಳ ಭಯ ಇರುವುದರಿಂದ ದೊಡ್ಡಾಸ್ಪತ್ರೆಯಲ್ಲೇ ಹೆರಿಗೆ ಆಗಬೇಕು. ನೀರು ಜಾಸ್ತಿ ಅಂತ ನೀವು ಕುಡಿಯುವುದನ್ನು ಬಿಡಬೇಡಿ, ಅದರಿಂದ ಪ್ರಯೋಜನವಿಲ್ಲ.

ಅವಳಿ ಮಕ್ಕಳಲ್ಲಿ ಒಂದಕ್ಕೆ ಕಮ್ಮಿ, ಒಂದಕ್ಕೆ ಜಾಸ್ತಿ ಅಂದ್ರು. ಒಂದೇ ಹೊಟ್ಟೆಯಲ್ಲಿ ಅದು ಹೇಗೆ?

ಒಂದೇ ಮಾಸು, ಎರಡು ಚೀಲ ಇರುವ ಅವಳಿಗಳಲ್ಲಿ ಹೀಗಾಗಬಹುದು. ಮಾಸಿನೊಳಗಿನ ರಕ್ತನಾಳಗಳು ಒಂದಕ್ಕೊಂದು ಕೂಡಿಕೊಂಡು ಒಂದು ಮಗುವಿನ ರಕ್ತ ಇನ್ನೊಂದಕ್ಕೆ ಹರಿದುಹೋಗುತ್ತದೆ. ರಕ್ತ ಕಳೆದುಕೊಂಡ ಮಗು ಮೂತ್ರ ಮಾಡುವುದು ತೀರಾ ಕಡಿಮೆ, ಪಡೆದ ಮಗು ಮಿತಿಮೀರಿ ಮಾಡುತ್ತದೆ. ತಾಯಿ ಒಬ್ಬಳೇ, ಕುಡಿದ ನೀರೂ ಒಂದೇ, ಆದರೂ ಚೀಲ ಒಂದು ಬತ್ತಿ ಇನ್ನೊಂದು ಉಕ್ಕುತ್ತದೆ. ನೀರಿನ ಹಿಡಿತ ಹೆಚ್ಚಾಗಿ ಮಗುವಿನ ಕಡೆ ಇದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಇದು ತುರ್ತು. ತಡಮಾಡದೆ ಭ್ರೂಣ ಚಿಕಿತ್ಸೆಯ ತಜ್ಞರಿರುವ ಕಡೆ ಹೋಗಬೇಕು.

ನೀರು ಏರಲಿ ಅಂತ ಡ್ರಿಪ್ ಹಾಕಿಸಿಕೊಳ್ಳಬೇಕಾ?

ಬಾಯಲ್ಲಿ ಕುಡಿಯಲು ಆಗದಷ್ಟು ವಾಂತಿ ಇದ್ದರೆ ಹೌದು. ಕುಡಿಯಲು ಆಗುವವರಿಗೆ ಕುಡಿದ ನೀರೇ ಸಾಕು. ಸಾವಿರಗಟ್ಟಲೆ ಬೆಲೆಯ ಅಮೈನೋ ಆಮ್ಲದ ಬಾಟಲಿಗಳಿಗೆ ಗಟ್ಟಿ ಆಧಾರವಿಲ್ಲ. ನನ್ನ ತಂಗಿಗೇ ಒಂದು ಕಡೆ ಐದು ಬಾಟಲಿ ಹಾಕಿ ಕಳಿಸಿದ್ದರು, ಕಾರಣ ಏನು ಅಂತ ಯಾರೂ ನೋಡಿರಲಿಲ್ಲ. ಅವಳ ಚೀಲ ಸೋರುತ್ತಿತ್ತು.

ಒಳಉಡುಪು ಒದ್ದೆ ಆಗ್ತಿದೆ. ಉಚ್ಚೆಯಾ, ನೀರಾ?

ಉಚ್ಚೆಗೆ ಅದರದೇ ವಾಸನೆ ಇರುತ್ತದೆ, ತಡೆದರೆ ಸ್ವಲ್ಪ ನಿಲ್ಲುತ್ತದೆ. ಗರ್ಭನೀರು ತಡೆದರೂ ನಿಲ್ಲುವುದಿಲ್ಲ, ಮಲಗಿ ಎದ್ದಾಗ ಒಮ್ಮೆಲೆ ಇಳಿಯುತ್ತದೆ. ಬಿಳಿ ಬಟ್ಟೆ ಅಥವಾ ಪ್ಯಾಡ್ ಇಟ್ಟುಕೊಂಡು ಎಷ್ಟು ಗಂಟೆಗೆ ಶುರುವಾಯಿತು, ಬಣ್ಣ ಏನು ಅಂತ ನೋಡಿಕೊಳ್ಳಿ. ಹಸಿರು, ಕಂದು ಅಥವಾ ರಕ್ತದ ಬಣ್ಣ ಇದ್ದರೆ, ಮಗುವಿನ ಅಲುಗಾಟ ಕಮ್ಮಿ ಅನ್ನಿಸಿದರೆ ಒಂದು ನಿಮಿಷವೂ ಕಾಯಬೇಡಿ. ತಿಳಿಯಾಗಿದ್ದರೂ ಆ ದಿನವೇ ಆಸ್ಪತ್ರೆಗೆ ಹೋಗಬೇಕು, ನಾಳೆ ಬೆಳಗ್ಗೆ ಅನ್ನಬೇಡಿ. ಚೀಲ ಒಡೆದ ಮೇಲೆ ಸೋಂಕಿನ ಗಡಿಯಾರ ಓಡಲು ಶುರುವಾಗುತ್ತದೆ.

ನಮ್ಮ ಕಡೆಯ ಕಷ್ಟ ನನಗೆ ಗೊತ್ತು. ಸೇತುವೆ ಆಗುವ ಮುಂಚೆ ಶರಾವತಿ ಹಿನ್ನೀರಿನಾಚೆಯ ಕರೂರು ಹೋಬಳಿಯವರು ರಾತ್ರಿ ನೀರು ಒಡೆದರೆ ಲಾಂಚ್ ಇಲ್ಲದೆ ಪಟ್ಟ ಪಾಡು ಒಂದೆರಡಲ್ಲ. ಈಗಲೂ ಆಷಾಢದ ಮಳೆಯಲ್ಲಿ ಮರ ಬಿದ್ದು ದಾರಿ ಕಟ್ಟುತ್ತದೆ, 108ಕ್ಕೆ ಮಾಡಲು ಸಿಗ್ನಲ್ ಸಿಗುವುದಿಲ್ಲ. ನೀರು ಹೆಚ್ಚು ಅಥವಾ ಕಮ್ಮಿ ಅಂತ ಹೇಳಿಸಿಕೊಂಡವರು ಕೊನೆಯ ಎರಡು ವಾರ ಪೇಟೆ ಹತ್ತಿರದ ನೆಂಟರ ಮನೆಯಲ್ಲಿರುವುದು ಒಳ್ಳೆಯದು. ತವರು ಆಮೇಲೂ ಇರುತ್ತದೆ.

ನೀರೆಲ್ಲ ಹೋಗಿಬಿಟ್ರೆ ಹೆರಿಗೆ ಒಣಗುತ್ತೆ ಅಂತಾರಲ್ಲ?

ಹಳಬರ ಭಯ ಅದು. ಮಗುವಿನ ಕಿಡ್ನಿ ಕೆಲಸ ಮಾಡುತ್ತಿರುವ ತನಕ ನೀರು ಉತ್ಪತ್ತಿಯಾಗುತ್ತಲೇ ಇರುತ್ತದೆ. ಚೀಲ ಒಡೆದು ಮೂರು ಗಂಟೆಯಾದರೂ ಪ್ಯಾಡ್ ಒದ್ದೆಯಾಗುವುದು ಅದಕ್ಕೇ.

ಕಮ್ಮಿ ಅಂದ್ರೆ ಸಿಸೇರಿಯನ್ನೇ ಗತಿನಾ?

ಇಲ್ಲ. 37 ವಾರ ಕಳೆದಿದ್ದರೆ ನೋವು ಬರಿಸಿ ಸಹಜ ಹೆರಿಗೆ ಮಾಡಿಸುವುದೂ ಉಂಟು, ಮಗುವಿನ ಎದೆಬಡಿತ ಗಮನಿಸುತ್ತಾ. ದಿನ ತುಂಬಿಲ್ಲದಿದ್ದರೆ, ಮಗು ಬೆಳೆಯುತ್ತಿದ್ದರೆ, ಡಾಪ್ಲರ್ ಸರಿ ಇದ್ದರೆ ವಾರಕ್ಕೆ ಒಂದೆರಡು ಸಲ ನೋಡುತ್ತಾ ಕಾಯುತ್ತಾರೆ. ಡಾಕ್ಟರ ಹತ್ತಿರ ಕೇಳಬೇಕಾದ ಪ್ರಶ್ನೆ "ಎಷ್ಟಿದೆ?" ಮಾತ್ರ ಅಲ್ಲ. "ಯಾಕೆ ಇಳಿದಿದೆ? ಸೋರಿಕೆ ನೋಡಿದ್ರಾ? ಮಗುವಿನ ತೂಕ ಸರಿ ಇದೆಯಾ? ಮತ್ತೆ ಯಾವಾಗ ಅಳೆಯೋದು?" ತಾಯಿ ಕಾರ್ಡಿನ ಹಿಂದೆ ಬರೆದುಕೊಂಡು ಹೋಗಿ, ಒಳಗೆ ಹೋದ ಮೇಲೆ ಮರೆತುಹೋಗುತ್ತದೆ.

ನೀರು ಜಾಸ್ತಿ ಇದ್ರೆ ಹೆಣ್ಣು, ಕಮ್ಮಿ ಇದ್ರೆ ಗಂಡು ಅಂತೆ, ಹೌದಾ?

ಇಲ್ಲ. ಇನ್ನೊಂದು ಸಲ ಕೇಳಬೇಡಿ.